ಬಹುಕಾಲದ ಬೇನೆಯೂ ವಿಶ್ವಾಸವೂ

ಕಳೆದ ತಿಂಗಳು ಬಂದ ಕಾಗದಗಳಲ್ಲಿ ಒಂದನ್ನು ಬೇರೆಯಾಗಿ ತೆಗೆದಿರಿಸಿದ್ದೆನು. ಮಲೆನಾಡಿನ ಒಂದು ಊರಿನಿಂದ, ನಮ್ಮ ಪತ್ರಿಕೆಯ ಹಳೆಯ ವಾಚಕರಾದ ಕ್ರೈಸ್ತ ಗೃಹಿಣಿಯೊಬ್ಬರು ಅದನ್ನು ಬರೆದಿದ್ದಾರೆ. ಅವರಿಗೆ ಒಂಬತ್ತು ವರ್ಷಗಳಿಂದ ಕೀಲುವಾತದ ಬೇನೆ. ಕೈಬೆರಳುಗಳು ಸೊಟ್ಟಗಾಗಿವೆ, ಬೆಳಗ್ಗೆ ಎದ್ದಾಗ ಮುಷ್ಟಿ ಕಟ್ಟುವುದಕ್ಕೆ ಒಂದು ಗಂಟೆಯಾದರೂ ಬೇಕು, ಬಟ್ಟೆ ಹಿಂಡುವುದೂ ರೊಟ್ಟಿ ತಟ್ಟುವುದೂ ಸೊಸೆಯ ಪಾಲಿಗೆ ಹೋಗಿವೆ. ಇದನ್ನು ಅವರು ದೂರಾಗಿ ಬರೆದುದಲ್ಲ. ಅವರನ್ನು ನೋಯಿಸಿದುದು ಬೇರೆ. ಸಭೆಯ ಕೆಲವರು ಅವರನ್ನು ನೋಡಲು ಬಂದಿದ್ದರಂತೆ. ಪ್ರಾರ್ಥನೆಯಾದ ತರುವಾಯ ಅವರಲ್ಲೊಬ್ಬರು, "ಇಷ್ಟು ವರ್ಷ ಬೇಡಿಕೊಂಡರೂ ವಾಸಿಯಾಗಲಿಲ್ಲವೆಂದರೆ ನಿಮ್ಮ ವಿಶ್ವಾಸದಲ್ಲಿಯೇ ಏನೋ ಕೊರತೆ ಇರಬೇಕು, ಶೋಧಿಸಿ ನೋಡಿಕೊಳ್ಳಿರಿ" ಎಂದು ಹೇಳಿ ಹೋದರಂತೆ. ಈ ತಾಯಿ ಶೋಧಿಸಿ ನೋಡಿಕೊಂಡರು. ತಮ್ಮ ವಿಶ್ವಾಸವನ್ನು ದೇವರಿಗೆ ತೋರಿಸಬೇಕೆಂದು ನಾಲ್ಕು ತಿಂಗಳಿಂದ ಔಷಧವನ್ನು ನಿಲ್ಲಿಸಿದ್ದಾರೆ. ಮನೆಯವರಿಗೆ ತಿಳಿಸಿಲ್ಲ. ನೋವು ಇಮ್ಮಡಿಯಾಗಿದೆ. "ನನ್ನ ವಿಶ್ವಾಸ ನಿಜವಾಗಿಯೂ ಅಷ್ಟು ಅಲ್ಪವೆ?" ಎಂಬುದು ಅವರ ಪ್ರಶ್ನೆ.

ವಿಶ್ವಾಸದ ಮಾತಿಗೆ ಮೊದಲು ಔಷಧದ ಮಾತು. ತಾಯೀ, ಈ ಸಂಚಿಕೆ ನಿಮ್ಮ ಕೈಸೇರಿದ ದಿನವೇ ಮಗನಿಗೆ ಸಂಗತಿಯನ್ನು ತಿಳಿಸಿ ವೈದ್ಯರ ಬಳಿಗೆ ಹೋಗಿರಿ. ನಿಮ್ಮ ವೈದ್ಯರು ರುಮಟಾಯ್ಡ್ ಎಂದು ಹೆಸರಿಟ್ಟಿರುವ ಈ ಸಂಧಿವಾತದಲ್ಲಿ ಶರೀರದ ರಕ್ಷಣಾಶಕ್ತಿಯೇ ದಾರಿತಪ್ಪಿ ಕೀಲುಗಳ ಒಳಪೊರೆಯ ಮೇಲೆ ಬೀಳುತ್ತದೆ. ಅದನ್ನು ಬೇರುಸಹಿತ ಕಿತ್ತುಹಾಕುವ ಔಷಧ ಇಂದಿಗೂ ಇಲ್ಲ. ಹಿಡಿದು ನಿಲ್ಲಿಸುವ ಔಷಧಗಳುಂಟು. ಅವನ್ನು ಬಿಟ್ಟರೆ ನೋವು ಹೆಚ್ಚುವುದು ಮಾತ್ರವಲ್ಲ, ಕೀಲಿನ ಎಲುಬೂ ಸವೆಯುತ್ತ ಬರುವುದು; ಹಾಗೆ ಸವೆದುದು ಮರಳಿ ಮೊದಲಿನಂತಾಗದು. ಆದರೆ ಬಿಟ್ಟ ಔಷಧವನ್ನು ನೀವಾಗಿ ಮತ್ತೆ ತೊಡಗಬೇಡಿರಿ. ನಾಲ್ಕು ತಿಂಗಳು ಬಿಟ್ಟಿದ್ದೆನೆಂದು ಮರೆಮಾಡದೆ ಹೇಳಿರಿ; ರಕ್ತವನ್ನು ಪರೀಕ್ಷಿಸಿ, ಎಷ್ಟರಿಂದ ಆರಂಭಿಸಬೇಕೆಂಬುದನ್ನು ಅವರು ನಿರ್ಣಯಿಸುವರು. ಬೈದರೆ ಬೈಯಲಿ. ಪೌಲನ ಸಂಗಡ ಊರೂರು ತಿರುಗಿದ ಲೂಕನು ವೈದ್ಯನಾಗಿದ್ದನು. ಪೌಲನು ಅವನನ್ನು ಪ್ರೀತಿಯಿಂದ ನೆನೆದಿದ್ದಾನೆ. ಆ ಕಸಬು ವಿಶ್ವಾಸಕ್ಕೆ ವಿರುದ್ಧವೆಂದು ಅವನಿಗೆ ಹೇಳಿದಂತೆ ಎಲ್ಲಿಯೂ ಬರೆದಿಲ್ಲ.

ಇನ್ನು ಆ ಪ್ರಶ್ನೆ. ಸತ್ಯವೇದವನ್ನು ತೆರೆದು ನೋಡಿದರೆ ವಾಸಿಯಾಗದ ವಿಶ್ವಾಸಿಗಳು ಅದರಲ್ಲಿ ಹಲವರು ಸಿಕ್ಕುವರು. ಪೌಲನಿಗೇ ಶರೀರದಲ್ಲಿ ಮುಳ್ಳು ನಾಟಿದಂತಹ ಒಂದು ಬಾಧೆ ಇತ್ತು. ಅದು ಕಣ್ಣಿನದೋ, ಚಳಿಜ್ವರದ್ದೋ, ಬೇರೆ ಯಾವುದೋ, ಪಂಡಿತರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಅದು ತೊಲಗಬೇಕೆಂದು ಅವನು ಮೂರಾವೃತ್ತಿ ಬೇಡಿಕೊಂಡನು. ತೊಲಗಲಿಲ್ಲ. ಅವನಿಗೆ ದೊರೆತ ಉತ್ತರವು ಕೃಪೆಯನ್ನು ಕುರಿತದ್ದು, ಗುಣವಾಗುವುದನ್ನು ಕುರಿತದ್ದಲ್ಲ. ತಿಮೊಥೆಯನಿಗೆ ಹೊಟ್ಟೆಯ ತೊಂದರೆ, ಅಡಿಗಡಿಗೆ ಅಸ್ವಸ್ಥತೆ. ಅವನಿಗೆ ಪೌಲನು ವಿಶ್ವಾಸವನ್ನು ಹೆಚ್ಚಿಸಿಕೊಳ್ಳೆಂದು ಬುದ್ಧಿ ಹೇಳದೆ, ಬರಿಯ ನೀರನ್ನು ಬಿಟ್ಟು ಸ್ವಲ್ಪ ದ್ರಾಕ್ಷಾರಸವನ್ನು ತೆಗೆದುಕೊಳ್ಳಬೇಕೆಂದು ಬರೆದನು. ಎಲ್ಲಕ್ಕಿಂತ ನನ್ನ ಮನಸ್ಸಿಗೆ ನಾಟಿದುದು ತ್ರೊಫಿಮನ ಸಂಗತಿ. ಅವನು ಎಫೆಸದವನು. ಆ ಎಫೆಸ ಪಟ್ಟಣದಲ್ಲಿಯೇ ಪೌಲನ ಮೈಗೆ ತಗಲಿದ ವಸ್ತ್ರಗಳಿಂದ ಕೂಡ ರೋಗಿಗಳು ಗುಣಹೊಂದಿದರೆಂದು ಅಪೊಸ್ತಲರ ಕೃತ್ಯಗಳಲ್ಲಿ ಓದುತ್ತೇವೆ. ಹಾಗಿದ್ದರೂ ತನ್ನ ಸ್ವಂತ ಜತೆಗಾರನಾದ ತ್ರೊಫಿಮನು ಕಾಯಿಲೆ ಬಿದ್ದಾಗ ಪೌಲನು ಅವನನ್ನು ಮಿಲೇತದಲ್ಲಿ ಬಿಟ್ಟು ಮುಂದೆ ಹೋಗಬೇಕಾಯಿತು. ಇದನ್ನು ಅವನು ಒಂದೇ ವಾಕ್ಯದಲ್ಲಿ ಬರೆದು ಮುಗಿಸಿದ್ದಾನೆ. ತ್ರೊಫಿಮನ ವಿಶ್ವಾಸದ ಮೇಲೆ ಒಂದು ಅಕ್ಷರದ ಆಕ್ಷೇಪಣೆಯೂ ಇಲ್ಲ. ನಿಮ್ಮನ್ನು ನೋಡಲು ಬಂದವರು ಪೌಲನಿಗಿಂತ ಹೆಚ್ಚು ಬಲ್ಲವರೆಂದು ನಾನು ಎಣಿಸಲಾರೆನು.

ಹುಟ್ಟುಕುರುಡನೊಬ್ಬನನ್ನು ಕಂಡು, ಪಾಪಮಾಡಿದವರು ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದಾಗ ಕರ್ತನು ಎರಡನ್ನೂ ಅಲ್ಲಗಳೆದನು. ಈ ಲೆಕ್ಕ ಹಾಕುವ ಚಾಳಿ ಕ್ರೈಸ್ತರಲ್ಲಿ ಮಾತ್ರ ಉಂಟೆಂದು ಬೇರೆ ವಾಚಕರು ತಿಳಿಯದಿರಲಿ. ಪೂರ್ವಜನ್ಮದ ಕರ್ಮವೆಂದು ರೋಗಿಯ ತಲೆದಿಂಬಿನ ಬಳಿಯಲ್ಲಿಯೇ ಕುಳಿತು ನುಡಿಯುವ ನೆಂಟರು ನಮ್ಮ ನಾಡಿನ ಎಲ್ಲ ಮನೆಗಳಿಗೂ ಬರುತ್ತಾರೆ. ಕಾಫಿ ಕುಡಿದೂ ಹೋಗುತ್ತಾರೆ.

ಯೋಬನ ಮೂವರು ಸ್ನೇಹಿತರನ್ನು ಎಲ್ಲರೂ ಹಳಿಯುವುದುಂಟು. ಅವರು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಮರೆಯಬಾರದು. ದೂರದಿಂದ ಬಂದು, ಅವನ ಗುರುತೇ ಸಿಕ್ಕದಿರುವುದನ್ನು ಕಂಡು ಅತ್ತು, ಏಳು ದಿನ ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಎಂಟನೆಯ ದಿನವೂ ಹಾಗೆಯೇ ಕುಳಿತಿದ್ದರೆ ಅವರ ಹೆಸರು ಇಂದು ಹೀಗೆ ಕೆಡುತ್ತಿರಲಿಲ್ಲ. ಬಾಯ್ದೆರೆದರು; ನಿನ್ನಲ್ಲಿ ಏನೋ ತಪ್ಪಿರಬೇಕೆಂದು ವಾದಿಸಿದರು. ಗ್ರಂಥದ ಕಡೆಯಲ್ಲಿ ದೇವರ ಕೋಪವು ಕೂಗಾಡಿದ ಯೋಬನ ಮೇಲಲ್ಲ, ದೇವರ ಪಕ್ಷವನ್ನು ವಹಿಸಿದ ಆ ಸ್ನೇಹಿತರ ಮೇಲೆ ಬರುತ್ತದೆ. ಅವರಿಗಾಗಿ ಪ್ರಾರ್ಥಿಸುವ ಕೆಲಸವೂ ಆ ರೋಗಿಯ ಪಾಲಿಗೇ ಬರುತ್ತದೆ.

ಇಷ್ಟು ಹೇಳುವ ನಾನೂ ಒಂದು ಕಾಲದಲ್ಲಿ ಆ ಸ್ನೇಹಿತರ ಪಂಕ್ತಿಯಲ್ಲಿಯೇ ಇದ್ದವನು. ಪ್ರಾಯದಲ್ಲಿ ನನಗೆ ನೆಗಡಿಯ ಹೊರತು ಬೇರೆ ಕಾಯಿಲೆ ತಿಳಿಯದು. ನೆರೆಮನೆಯ ಹಿರಿಯರೊಬ್ಬರು ಪಕ್ಷವಾತದಿಂದ ಮಲಗಿದ್ದರು. ಒಂದು ಭಾನುವಾರ ಅವರನ್ನು ನೋಡಲು ಹೋಗಿ, ಸ್ತೋತ್ರದ ಕೀರ್ತನೆಗಳನ್ನು ಆರಿಸಿ ಆರಿಸಿ ಅರ್ಧಗಂಟೆ ಗಟ್ಟಿಯಾಗಿ ಓದಿದೆನು. ಕಷ್ಟದಲ್ಲಿಯೂ ಉಪಕಾರಸ್ಮರಣೆ ಮಾಡಬೇಕೆಂದು ಸ್ವಲ್ಪ ವ್ಯಾಖ್ಯಾನವನ್ನೂ ಮಾಡಿದೆನು. ಎಲ್ಲವೂ ಮುಗಿದ ಮೇಲೆ ಅವರು ತೊದಲುತ್ತ, "ಅಪ್ಪಾ, ಆ ನೀರಿನ ಲೋಟವನ್ನು ಇತ್ತ ಸರಿಸುತ್ತೀಯಾ?" ಎಂದರು. ಲೋಟವು ಅವರ ಸ್ವಾಧೀನ ತಪ್ಪಿದ ಕೈಯ ಕಡೆಗೆ ಇತ್ತು. ನಾನು ಒಳಗೆ ಕಾಲಿಟ್ಟಾಗಿನಿಂದಲೂ ಅಲ್ಲಿಯೇ ಇತ್ತು. ಈಗ ಆರು ವರ್ಷಗಳಿಂದ ನನ್ನ ಬೆನ್ನುಮೂಳೆಯ ತೊಂದರೆಯಿಂದ ವರ್ಷದಲ್ಲಿ ಮೂರು ನಾಲ್ಕು ತಿಂಗಳು ಮಲಗಿಯೇ ಇರಬೇಕಾಗಿ ಬಂದ ಮೇಲೆ ಆ ಲೋಟದ ನೆನಪು ಪದೇ ಪದೇ ಆಗುತ್ತದೆ.

ಆರೋಗ್ಯವಂತರ ಉಪದೇಶವು ರೋಗಿಗೆ ಮುಟ್ಟುವುದಿಲ್ಲವೆಂಬ ಈ ಅನುಭವವನ್ನು ನನಗಿಂತ ಬಹಳ ಮುಂಚೆಯೇ ಕಂಡುಕೊಂಡು, ಅದನ್ನೇ ಒಂದು ಪುಸ್ತಕಕ್ಕೆ ಕಾರಣವಾಗಿ ಮಾಡಿಕೊಂಡ ಸ್ತ್ರೀಯೊಬ್ಬರು ನಮ್ಮ ದಕ್ಷಿಣ ದೇಶದಲ್ಲಿಯೇ ಇದ್ದರು. ಅವರ ಹೆಸರು ಏಮಿ ಕಾರ್ಮೈಕೆಲ್. 1867ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಈಕೆ 1895ರಲ್ಲಿ ಇಂಡಿಯಕ್ಕೆ ಬಂದು ಮೊದಲು ನೆಲಸಿದುದು ನಮ್ಮ ಬೆಂಗಳೂರಿನಲ್ಲಿ. ಇಲ್ಲಿಗೆ ಬಂದಾಗಲೇ ಡೆಂಗೆ ಜ್ವರದಿಂದ ನರಳಿದರಂತೆ. ತರುವಾಯ ತಿರುನೆಲ್ವೇಲಿ ಸೀಮೆಗೆ ಹೋದರು. ಅಲ್ಲಿಯ ದೋಣಾವೂರಿನಲ್ಲಿ, ದೇವಸ್ಥಾನಗಳಿಗೆ ಬಿಡಲ್ಪಡುತ್ತಿದ್ದ ಹೆಣ್ಣುಮಕ್ಕಳಿಗೂ ದಿಕ್ಕಿಲ್ಲದ ಶಿಶುಗಳಿಗೂ ಮನೆ ಮಾಡಿಕೊಟ್ಟು, ಸೀರೆಯುಟ್ಟು, ಅವರೆಲ್ಲರಿಂದ ಅಮ್ಮ ಎನ್ನಿಸಿಕೊಂಡು ಬಾಳಿದರು. ಓಡಾಡಿ ಕೆಲಸಮಾಡುವುದೇ ಅವರ ಸ್ವಭಾವ. 1931ರ ಅಕ್ಟೋಬರ್ ತಿಂಗಳಲ್ಲಿ ಒಂದು ಸಂಜೆ ಸಮೀಪದ ಊರಿನಲ್ಲಿ ಹೊಸ ಕೆಲಸಕ್ಕಾಗಿ ಹಿಡಿದಿದ್ದ ಮನೆಯನ್ನು ನೋಡಲು ಹೋದಾಗ, ಮಬ್ಬುಗತ್ತಲೆಯಲ್ಲಿ, ಆಗತಾನೆ ತೋಡಿದ್ದ ಒಂದು ಗುಂಡಿಯಲ್ಲಿ ಬಿದ್ದರು. ಕಾಲಿನ ಎಲುಬು ಮುರಿಯಿತು, ಹರಡು ಕಳಚಿತು. ಆಗ ಅವರಿಗೆ 63 ವರ್ಷ. ಕೆಲವು ವಾರಗಳಲ್ಲಿ ಏಳುವೆನೆಂದು ಎಣಿಸಿದ್ದವರು 1951ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಹೆಚ್ಚುಕಡಿಮೆ ಒಂದೇ ಕೋಣೆಯಲ್ಲಿ ಕಾಲಕಳೆದರು. ಒಂದು ನೋವಿಗೆ ಮತ್ತೊಂದು ಸೇರುತ್ತ ಹೋಯಿತು. 1948ರಲ್ಲಿ ಅದೇ ಕೋಣೆಯಲ್ಲಿ ಇನ್ನೊಮ್ಮೆ ಬಿದ್ದು ಮತ್ತೂ ಕುಗ್ಗಿದರು.

ಬಿದ್ದ ಮೊದಲ ವರ್ಷಗಳಲ್ಲಿ ಅವರಿಗೆ ಸಮಾಧಾನದ ಪುಸ್ತಕಗಳನ್ನು ಕಳುಹಿಸಿದವರಿಗೇನೂ ಕಡಮೆಯಿರಲಿಲ್ಲ. ಅವುಗಳಿಂದ ತಮಗೆ ಹೆಚ್ಚಿನ ಪ್ರಯೋಜನವಾಗಲಿಲ್ಲವೆಂದು ಅವರು ಸಂಕೋಚವಿಲ್ಲದೆ ಹೇಳಿದರು. ಅವು ನೋವಿಲ್ಲದವರು ನೋವಿನವರಿಗೆ ಬರೆದವುಗಳು. ಆದಕಾರಣ ತಮ್ಮಂತೆಯೇ ಮಲಗಿರುವವರಿಗೆ ತಾವೇ ಮಲಗಿದ್ದಲ್ಲಿಂದ ಕಾಗದಗಳನ್ನು ಬರೆಯತೊಡಗಿದರು. ಅವು 1933ರಲ್ಲಿ 'ರೋಸ್ ಫ್ರಮ್ ಬ್ರಾಯರ್' ಎಂಬ ಹೆಸರಿನಿಂದ ಪುಸ್ತಕವಾದವು. ಮುಳ್ಳುಕಂಟಿಯಿಂದ ಕೊಯ್ದ ಗುಲಾಬಿ ಎನ್ನಬಹುದು. ನೋವು ತೀರಿಹೋದ ಮೇಲೆ ಹಿಂದಿರುಗಿ ನೋಡಿ ಬರೆದ ಗ್ರಂಥ ಇದಲ್ಲ. ಬರೆಯುವಾಗಲೂ ನೋವಿತ್ತು, ಅಚ್ಚಾಗಿ ಬಂದಾಗಲೂ ಇತ್ತು. ಈಕೆಯ ಕೆಲವು ಮಾತುಗಳು ನನಗೆ ಕಠಿನವಾಗಿ ತೋರಿದ್ದುಂಟು; ತಮ್ಮನ್ನು ತಾವು ದಂಡಿಸಿಕೊಳ್ಳುವ ಅಭ್ಯಾಸ ಅವರಿಗೆ ಹೆಚ್ಚು. ಆದರೂ ರಾತ್ರಿ ಎರಡು ಗಂಟೆಗೆ ಆ ಪುಸ್ತಕವನ್ನು ತೆರೆದರೆ, ಎಚ್ಚರವಾಗಿರುವವರು ಇನ್ನೊಬ್ಬರಿದ್ದಾರೆಂದು ಅನ್ನಿಸುತ್ತದೆ. ದೋಣಾವೂರಿನಲ್ಲಿ ಅವರ ಸಮಾಧಿಗೆ ಕಲ್ಲು ನೆಡಿಸಲಿಲ್ಲ, ಅವರೇ ಬೇಡವೆಂದಿದ್ದರು. ಹಕ್ಕಿಗಳು ನೀರು ಕುಡಿಯಲು ಒಂದು ತೊಟ್ಟಿಯನ್ನಿಟ್ಟು ಅದರ ಮೇಲೆ ತಾಯಿ ಎಂಬರ್ಥದ ತಮಿಳು ಮಾತೊಂದನ್ನು ಕೆತ್ತಿದ್ದಾರೆ.

ತಾಯೀ, ನೀವು ಕಾಗದದ ನಡುವೆ ಇನ್ನೊಂದು ಮಾತು ಬರೆದಿದ್ದೀರಿ: ಈಗ ಪ್ರಾರ್ಥಿಸಲು ಕುಳಿತರೆ ಅಳು ಬರುತ್ತದೆ, ಸ್ತೋತ್ರ ಬಾಯಿಗೆ ಬರುವುದಿಲ್ಲ ಎಂದು. ಅಳುವೇ ಬರಲಿ. ಕೀರ್ತನೆಗಳ ಪುಸ್ತಕದಲ್ಲಿ ಮೊರೆಯಿಡುವ ಕೀರ್ತನೆಗಳು ಬಹಳ. ಅವುಗಳಲ್ಲಿ ಹೆಚ್ಚಿನವು ಕಡೆಗೆ ಬೆಳಕಿನ ಕಡೆಗೆ ತಿರುಗುತ್ತವೆ. 88ನೆಯದು ಮಾತ್ರ ತಿರುಗುವುದಿಲ್ಲ. ಕತ್ತಲೆಯ ಮಾತಿನಿಂದಲೇ ಮುಗಿಯುತ್ತದೆ. ಅದನ್ನು ದೇವಾಲಯದಲ್ಲಿ ಓದಿದುದನ್ನು ನಾನು ಒಮ್ಮೆಯೋ ಎರಡು ಸಲವೋ ಕೇಳಿರಬಹುದು. ಆದರೆ ಕೀರ್ತನೆಗಳನ್ನು ಕೂಡಿಸಿದ ಹಿರಿಯರು ಅದನ್ನು ಬಿಟ್ಟುಬಿಡಲಿಲ್ಲ, ಕಡೆಯಲ್ಲಿ ಒಂದು ಸಮಾಧಾನದ ಸಾಲನ್ನು ಸೇರಿಸಿ ತಿದ್ದಲೂ ಇಲ್ಲ. ದೇವರೊಡನೆ ಆಡಬಹುದಾದ ಮಾತುಗಳಲ್ಲಿ ಅದೂ ಒಂದೆಂದು ಇಟ್ಟರು. ಗುಣಮಾಡೆಂದು ಬೇಡುವುದನ್ನೂ ನೀವು ಬಿಡಬೇಕಾಗಿಲ್ಲ. ಗೆತ್ಸೇಮನೆಯ ತೋಟದಲ್ಲಿ ಕರ್ತನೇ ಒಂದೇ ಬೇಡಿಕೆಯನ್ನು ಮೂರು ಸಲ ಬೇಡಿದನು. ತಂದೆಯ ಚಿತ್ತಕ್ಕೆ ಒಪ್ಪಿಸಿಕೊಟ್ಟುದೂ ಅದೇ ಬಾಯಿ. ಬಾಯಿಂದ ಏನೂ ಹೊರಡದ ದಿನ ಅವನ ಹೆಸರನ್ನಷ್ಟೇ ಹೇಳಿ ಸುಮ್ಮನೆ ಮಲಗಿರಿ. ನೋವು ಏರಿದ ಹೊತ್ತಿನಲ್ಲಿ ನನ್ನ ಪ್ರಾರ್ಥನೆ ಅದಕ್ಕಿಂತ ಉದ್ದವಾದುದಿಲ್ಲ.

ಬೆಳಗಿನ ಆ ಒಂದು ಗಂಟೆಯನ್ನು ಕುರಿತು ಒಂದು ಸಲಹೆ. ಸೊಸೆಗೆ ಹೇಳಿ ಒಂದು ಬೋಗುಣಿಯಲ್ಲಿ ಬಿಸಿನೀರು ತರಿಸಿಕೊಂಡು, ಕೈ ಸುಡದಷ್ಟು ಬೆಚ್ಚಗಿರುವಾಗ ಬೆರಳುಗಳನ್ನು ಅದ್ದಿಕೊಂಡು ಕುಳಿತಿರಿ. ಬಿಗಿತವು ಕೆಲಮಟ್ಟಿಗೆ ಸಡಿಲುವುದು. ಆಗ ಒಬ್ಬೊಬ್ಬರ ಹೆಸರನ್ನು ನೆನೆಯಿರಿ. ನಿಮ್ಮ ಸಭೆಯಲ್ಲಿ ಹೀಗೆಯೇ ಬಳಲುತ್ತಿರುವವರು ಬೇರೆ ಯಾರೂ ಇಲ್ಲವೆಂದು ನಾನು ನಂಬುವುದಿಲ್ಲ. ಮೊಮ್ಮಗಳು ಶಾಲೆಗೆ ಹೋಗುತ್ತಾಳೆಂದು ಬರೆದಿದ್ದೀರಿ. ಅಂತಹವರೊಬ್ಬರಿಗೆ ವಾರಕ್ಕೊಂದು ಕಾಗದವನ್ನು ನೀವು ಹೇಳಿ ಅವಳಿಂದ ಬರೆಯಿಸಿರಿ. ಬುದ್ಧಿವಾದವೇನೂ ಬೇಡ, ಈ ವಾರ ಹೇಗಿತ್ತೆಂದಷ್ಟೇ ಇರಲಿ. ಅದನ್ನು ಓದುವವರಿಗೆ ನಿಮ್ಮಿಂದ ಬರುವ ಧೈರ್ಯ ಸಭಾಪಾಲಕರಿಂದಲೂ ಬಾರದು.

ನೋಡಲು ಹೋಗುವವರಿಗೆ ಹೇಳಬೇಕಾದುದು ಸ್ವಲ್ಪವೇ. ಹೋಗುವುದನ್ನು ನಿಲ್ಲಿಸಬೇಡಿರಿ. ಮೊದಲನೆಯ ತಿಂಗಳು ಮನೆ ತುಂಬ ಜನ, ಒಂಬತ್ತನೆಯ ವರ್ಷದಲ್ಲಿ ಯಾರೂ ಇಲ್ಲ, ಇದು ಎಲ್ಲ ಕಡೆಯ ಕಥೆ. ಹೋಗುವಾಗ ಏನಾದರೂ ಪಲ್ಯವನ್ನೋ ಸಾರನ್ನೋ ಮಾಡಿಕೊಂಡು ಹೋದರೆ ಸೊಸೆಗೆ ಒಂದು ಹೊತ್ತಿನ ಬಿಡುವಾಗುವುದು. ಆಕೆಯೂ ಒಂಬತ್ತು ವರ್ಷ ದುಡಿದಿದ್ದಾಳೆ, ಆಕೆಯನ್ನು ಯಾರೂ ಕೇಳುವುದಿಲ್ಲ. ಪ್ರಾರ್ಥನೆ ಚಿಕ್ಕದಾಗಿರಲಿ. ರೋಗಿಗೆ ಕೈಹಿಡಿಯುಳ್ಳ ಕುರ್ಚಿಯನ್ನು ದೇವಾಲಯದ ಹಿಂದಿನ ಸಾಲಿನಲ್ಲಿ ಹಾಕಿಸಿರಿ. ಎಲ್ಲರೂ ಎದ್ದುನಿಂತಾಗ ಒಬ್ಬರು ಕುಳಿತೇ ಇದ್ದರೆ ತಿರುಗಿ ನೋಡಬೇಡಿರಿ.

ಕಡೆಯಲ್ಲಿ ಆ ತಾಯಿ, ಕೈ ನೋಯುತ್ತಿರುವುದರಿಂದ ಅಕ್ಷರಗಳು ಸೊಟ್ಟಗಾಗಿವೆ, ಕ್ಷಮಿಸಬೇಕು ಎಂದು ಬರೆದಿದ್ದಾರೆ. ಸೊಟ್ಟಗೇನೋ ಇದ್ದವು. ಓದುವುದಕ್ಕೆ ಏನೂ ಕಷ್ಟವಾಗಲಿಲ್ಲ, ತಾಯೀ. ವೈದ್ಯರು ಏನು ಹೇಳಿದರೆಂಬುದನ್ನು ತಿಳಿಸಿ ಇನ್ನೊಂದು ಕಾಗದ ಬರೆಯಿರಿ.