ಮನೆಯಲ್ಲಿ ಕುಳಿತು ಹೆಲಿಕಾಪ್ಟರು ನಡೆಸುವ ಅಭ್ಯಾಸ

ಗಣಕಯಂತ್ರದ ಮುಂದೆ ಕುಳಿತು ಹೆಲಿಕಾಪ್ಟರನ್ನು ಹಾರಿಸುವುದು ಆಟವೋ ವಿದ್ಯೆಯೋ ಎಂದು ನಮ್ಮ ವಾಚಕರೊಬ್ಬರು ಕೇಳಿ ಬರೆದಿದ್ದಾರೆ. ಅವರದು ನಮ್ಮ ಹೋಬಳಿಯೇ. ಅಡಕೆಯ ತೋಟದ ಗೃಹಸ್ಥರು. ಮಗನು ಪಿ.ಯು.ಸಿ. ಮುಗಿಸಿ, ಹಗಲಿರುಳೂ ಈ ಅನುಕರಣಯಂತ್ರದಲ್ಲಿಯೇ ಮಗ್ನನಾಗಿರುವನಂತೆ. ಇಷ್ಟೇ ಆಗಿದ್ದರೆ ಅವರು ಕಾಗದ ಬರೆಯುವಷ್ಟು ಚಿಂತಿಸುತ್ತಿರಲಿಲ್ಲ. ಪಟ್ಟಣದಲ್ಲಿ ಯಾರೋ ಒಬ್ಬರು, ಮನೆಯಲ್ಲಿಯೇ ಕುಳಿತು ಇಂತಿಷ್ಟು ಗಂಟೆ ಕಲಿತರೆ ಪ್ರಮಾಣಪತ್ರ ಕೊಡುವೆವು, ಆ ಮೇಲೆ ಚಾಲಕನ ಉದ್ಯೋಗವು ಕೈಗೂಡಿದಂತೆಯೇ ಸರಿ ಎಂದು ನಂಬಿಸಿ ದೊಡ್ಡ ಮೊಬಲಗನ್ನು ಕೇಳಿದ್ದಾರೆ. "ಮೇಷ್ಟ್ರೇ, ಈ ಸಲದ ಅಡಕೆಯ ಹಣವನ್ನು ಇದಕ್ಕೆ ಹಾಕಬಹುದೇ?" ಎಂಬುದು ಅವರ ಪ್ರಶ್ನೆ.

ಹಾಕಲಾಗದು. ಇದನ್ನು ಮೊದಲೇ ಹೇಳಿಬಿಡುವುದು ಲೇಸು. ಮನೆಯ ಗಣಕಯಂತ್ರದಲ್ಲಿ ಎಷ್ಟು ಗಂಟೆ ಹಾರಿದರೂ ಅದು ಚಾಲಕನ ಪರವಾನಗಿಯ ಲೆಕ್ಕಕ್ಕೆ ಸೇರುವುದಿಲ್ಲ. ಪರವಾನಗಿಯನ್ನು ಕೊಡತಕ್ಕವರು ಭಾರತ ಸರ್ಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದವರು. ಅವರು ಪರೀಕ್ಷಿಸಿ ಒಪ್ಪಿದ ಯಂತ್ರದಲ್ಲಿ, ಅವರು ಒಪ್ಪಿದ ಶಿಕ್ಷಕನ ಮುಂದೆ ಮಾಡಿದ ಅಭ್ಯಾಸಕ್ಕೆ ಮಾತ್ರ ಬೆಲೆಯುಂಟು; ಅದಕ್ಕೂ ಒಂದು ಮಿತಿಯುಂಟು. ಮಿಕ್ಕದ್ದನ್ನು ನಿಜವಾದ ಯಂತ್ರದಲ್ಲಿ ಕುಳಿತು ಆಕಾಶದಲ್ಲಿಯೇ ಸಂಪಾದಿಸಬೇಕು. ಅದಕ್ಕೂ ಮುಂಚೆ ವೈದ್ಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಹಣವನ್ನು ವೆಚ್ಚ ಮಾಡಲೇಬೇಕೆಂದಿದ್ದರೆ ಮೊದಲು ಆ ಪರೀಕ್ಷೆಗೆ ಮಾಡಲಿ.

ಆದರೆ ಹುಡುಗನನ್ನು ಗದರಿಸಿ ಎಬ್ಬಿಸಬೇಕೆಂದೂ ನಾನು ಹೇಳಲಾರೆ. ಅನುಕರಣದಿಂದ ಹಾರಾಟವನ್ನು ಕಲಿಯುವುದು ಹುಚ್ಚಾಟವೆಂದು ನಕ್ಕವರು ಹಿಂದೆಯೂ ಇದ್ದರು. ಅಮೆರಿಕದಲ್ಲಿ ಎಡ್ವಿನ್ ಲಿಂಕ್ ಎಂಬಾತನ ತಂದೆಯದು ಆರ್ಗನ್ ವಾದ್ಯಗಳನ್ನು ತಯಾರಿಸುವ ಕಾರ್ಖಾನೆ. ನಮ್ಮ ಹಾರ್ಮೋನಿಯಂನಲ್ಲಿರುವಂತಹ ತಿದಿಗಳನ್ನೇ ಜೋಡಿಸಿ, ಚಾಲಕನು ಕೋಲನ್ನು ಸರಿಸಿದಂತೆ ಓಲಾಡುವ ಪುಟ್ಟ ವಿಮಾನದ ಪೆಟ್ಟಿಗೆಯೊಂದನ್ನು ಆತನು 1929ರಲ್ಲಿ ರೂಪಿಸಿದನು. ಸೈನ್ಯದವರು ಅದನ್ನು ಲೆಕ್ಕಿಸಲಿಲ್ಲ; ಜಾತ್ರೆಯ ತೊಟ್ಟಿಲಿನಂತೆ ವಿನೋದದ ಉದ್ಯಾನಗಳಿಗೆ ಅದು ಮಾರಾಟವಾಯಿತು. 1934ರಲ್ಲಿ ಅಂಚೆಯನ್ನು ಒಯ್ಯುವ ಕೆಲಸವು ಸೈನ್ಯದ ವಿಮಾನಗಳಿಗೆ ಬಿದ್ದು, ಮಂಜು ಮೋಡಗಳಲ್ಲಿ ದಾರಿ ಕಾಣದೆ ಹಲವು ಮಂದಿ ಚಾಲಕರು ಮಡಿದ ಮೇಲೆಯೇ ಸೈನ್ಯದವರು ಅಂತಹ ಆರು ಪೆಟ್ಟಿಗೆಗಳನ್ನು ಕೊಂಡರು.

ನಮ್ಮ ನಾಡಿನ ನಿದರ್ಶನವೇ ಬೇಕೆಂದರೆ ಬೆಂಗಳೂರಿಗೆ ಹೋಗಬೇಕು. ಹಿಂದೂಸ್ಥಾನ್ ಏರೋನಾಟಿಕ್ಸಿನವರು 1965ರಿಂದ ಫ್ರೆಂಚರ ಪರವಾನಗಿಯ ಮೇಲೆ ಚೇತಕ್ ಹೆಲಿಕಾಪ್ಟರನ್ನು ಅಲ್ಲಿ ತಯಾರಿಸಿದರು; 1992ರಲ್ಲಿ ಧ್ರುವವು ಮೊದಲ ಸಲ ಹಾರಿತು; 2023ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯ ಬಳಿ ಹೆಲಿಕಾಪ್ಟರುಗಳದೇ ದೊಡ್ಡ ಕಾರ್ಖಾನೆಯು ಉದ್ಘಾಟನೆಯಾಯಿತು. ಇದೇ ಸಂಸ್ಥೆಯವರು ಕೆನಡಾ ದೇಶದ ಸಿ.ಎ.ಇ. ಎಂಬ ಕಂಪನಿಯವರೊಡನೆ ಸೇರಿ ಬೆಂಗಳೂರಿನಲ್ಲಿ ಹ್ಯಾಟ್ಸಾಫ್ ಎಂಬ ಶಿಕ್ಷಣಕೇಂದ್ರವನ್ನು ಸ್ಥಾಪಿಸಿದರು. ಅದು 2010ರಲ್ಲಿ ಆರಂಭವಾಯಿತು. ಅಲ್ಲಿ ಆರು ಕಾಲುಗಳ ಮೇಲೆ ನಿಂತು ವಾಲಾಡುವ ಕೋಣೆಯೊಂದುಂಟು. ಬೆಲ್ ಯಂತ್ರದ ಚಾಲಕಪೀಠವನ್ನು ಹೊರಗೆಳೆದು ಧ್ರುವದ ಚಾಲಕಪೀಠವನ್ನು ಒಳಗೆ ತಳ್ಳಿ ಕೂರಿಸುವಂತೆ ಅದನ್ನು ಕಟ್ಟಿದ್ದಾರೆ. ಎಂಜಿನು ಕೆಡುವುದು, ಬಾಲದ ಚಕ್ರವು ನಿಲ್ಲುವುದು ಮೊದಲಾದ ಆಪತ್ತುಗಳನ್ನು ನಿಜವಾದ ಯಂತ್ರದಲ್ಲಿ ಬೇಕೆಂದು ತಂದುಕೊಂಡು ಕಲಿಯಲಾದೀತೇ? 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ರಕ್ಷಕದಳದ ಧ್ರುವವು ಬಿದ್ದು ಮೂವರು ಮಡಿದರು. ಅನಂತರ ದೇಶದ ಧ್ರುವಗಳೆಲ್ಲವನ್ನೂ ತಿಂಗಳುಗಟ್ಟಲೆ ನೆಲದ ಮೇಲೆಯೇ ನಿಲ್ಲಿಸಲಾಯಿತು. ಆಗ ಚಾಲಕರ ಕೈ ತುಕ್ಕು ಹಿಡಿಯದಂತೆ ಕಾಪಾಡಿದ್ದು ಇಂತಹ ಅನುಕರಣಯಂತ್ರಗಳೇ.

ಮನೆಯಲ್ಲಿ ದೊರಕುವುದು ಇದರ ನೆರಳು ಮಾತ್ರ. ಅದರೂ ನೆರಳಿಗೆ ಆಕಾರವುಂಟಷ್ಟೆ. ಆರಂಭಿಸುವವನಿಗೆ ಬೇಕಾದ ಸಲಕರಣೆಗಳು ಕೆಲವೇ. ಫ್ಲೈಟ್‌ಗಿಯರ್ ಎಂಬ ತಂತ್ರಾಂಶವು ಉಚಿತ. ಪ್ರಪಂಚದ ಹವ್ಯಾಸಿಗಳು ಕೂಡಿ ಬೆಳೆಸಿದ್ದು. ಎಕ್ಸ್‌-ಪ್ಲೇನ್ ಎಂಬುದೂ ಮೈಕ್ರೋಸಾಫ್ಟಿನವರದೂ ಕ್ರಯಕ್ಕೆ ದೊರೆಯುವಂಥವು. ಮೈಕ್ರೋಸಾಫ್ಟಿನವರು ತಮ್ಮ 2020ರ ಆವೃತ್ತಿಗೆ 2022ರಲ್ಲಿ ಹೆಲಿಕಾಪ್ಟರುಗಳನ್ನು ಸೇರಿಸಿದರು. ಅದರ ಭೂಚಿತ್ರವು ಅಂತರ್ಜಾಲದಿಂದ ಹರಿದು ಬರತಕ್ಕದ್ದಾದುದರಿಂದ, ಸಂಪರ್ಕವು ಬಂದು ಹೋಗುತ್ತಿರುವ ನಮ್ಮಂತಹ ಊರುಗಳಲ್ಲಿ ತೊಡಕಾಗುವುದು. ಮೊದಲು ಉಚಿತವಾದುದರಲ್ಲಿಯೇ ಕಲಿಯಲಿ. ಚಿತ್ರದ ಬೆಡಗನ್ನು ತಗ್ಗಿಸಿಯಾದರೂ ಚಲನೆಯು ನಯವಾಗಿರುವಂತೆ ಯಂತ್ರವನ್ನು ಅಣಿಗೊಳಿಸತಕ್ಕದ್ದು. ಕೈ ಸರಿಸಿದ ಮೇಲೆ ಚಿತ್ರವು ತಡವರಿಸಿ ಬಂದರೆ ನಿಂತಲ್ಲಿ ನಿಲ್ಲುವ ವಿದ್ಯೆಯು ಯಾರಿಗೂ ಬರಲಾರದು. ಅಕ್ಷರದ ಕೀಲಿಮಣೆಯಿಂದ ಹೆಲಿಕಾಪ್ಟರನ್ನು ನಡೆಸುವುದು ಒನಕೆಯಿಂದ ಅಕ್ಷರ ಬರೆದಂತೆ. ಕೆಲವು ಸಾವಿರ ರೂಪಾಯಿಗಳಿಗೆ ದೊರಕುವ, ಹಿಡಿಯನ್ನು ಎಡಬಲಕ್ಕೆ ತಿರುಚಬಹುದಾದ ಒಂದು ಜಾಯ್‌ಸ್ಟಿಕ್ ಅವಶ್ಯಕ. ವೆಚ್ಚವು ಇದೊಂದೇ.

ಹೆಸರಿನ ವಿಚಾರವಾಗಿ ಒಂದು ಮಾತು. 'ಹೆಲಿ' ಬೇರೆ, 'ಕಾಪ್ಟರ್' ಬೇರೆ ಎಂದು ಜನರು ಒಡೆಯುವುದುಂಟು, ಅದು ಸರಿಯಲ್ಲ. ಗ್ರೀಕಿನ 'ಹೆಲಿಕ್ಸ್' ಎಂದರೆ ಸುರುಳಿ. 'ಪ್ಟೆರೋನ್' ಎಂದರೆ ರೆಕ್ಕೆ. ಈ ಪ್ಟೆರೋನ್ ಎಂಬುದು ನಮ್ಮ ಸಂಸ್ಕೃತದ ಪತ್ರ, ಪತತ್ರ ಶಬ್ದಗಳ ಜ್ಞಾತಿ. 'ಪತ್' ಧಾತುವಿಗೆ ಹಾರುವುದೆಂಬ ಅರ್ಥವೂ ಬೀಳುವುದೆಂಬ ಅರ್ಥವೂ ಉಂಟೆಂಬುದನ್ನು ಹೊಸಬನು ಮೊದಲ ದಿನವೇ ಅನುಭವದಿಂದ ತಿಳಿಯುವನು.

ವಿಮಾನಕ್ಕೆ ರೆಕ್ಕೆಯು ಸ್ಥಿರ. ಇದಕ್ಕೆ ರೆಕ್ಕೆಯೇ ತಿರುಗುವ ಅಲಗುಗಳು. ಚಾಲಕನ ಎಡಗೈಯಲ್ಲಿರುವ ಕೋಲಿಗೆ ಕಲೆಕ್ಟಿವ್ ಎಂದು ಹೆಸರು. ಅದನ್ನು ಎತ್ತಿದರೆ ಎಲ್ಲ ಅಲಗುಗಳ ಓರೆಯೂ ಒಟ್ಟಿಗೆ ಹೆಚ್ಚಿ ಯಂತ್ರವು ಮೇಲೇಳುವುದು. ಬಲಗೈಯಲ್ಲಿರುವುದು ಸೈಕ್ಲಿಕ್. ಅದನ್ನು ಯಾವ ದಿಕ್ಕಿಗೆ ಒತ್ತಿದರೆ ತಿರುಗುವ ಚಕ್ರವು ಆ ದಿಕ್ಕಿಗೆ ವಾಲಿ, ಯಂತ್ರವು ಅತ್ತ ಸಾಗುವುದು. ಕಾಲುಗಳ ಕೆಳಗಿನ ಪೆಡಲುಗಳು ಬಾಲದ ಸಣ್ಣ ಚಕ್ರವನ್ನು ಆಳುವುವು.

ಬಾಲದಲ್ಲಿ ಚಕ್ರವೇತಕ್ಕೆ? ಹರಿಗೋಲಿನಲ್ಲಿ ನಿಂತವನು ತನ್ನ ಮೈಯನ್ನು ಥಟ್ಟನೆ ಬಲಕ್ಕೆ ತಿರುಗಿಸಿದರೆ ಹರಿಗೋಲು ಎಡಕ್ಕೆ ತಿರುಗುವುದನ್ನು ಹೊಳೆ ದಾಟಿದವರು ನೋಡಿದ್ದಾರೆ. ಎಂಜಿನು ಅಲಗುಗಳನ್ನು ಒಂದು ಕಡೆಗೆ ತಿರುಗಿಸಿದಂತೆ ಒಡಲು ಇನ್ನೊಂದು ಕಡೆಗೆ ತಿರುಗಲೆಳಸುವುದು. ಅದನ್ನು ತಡೆಯುವುದೇ ಬಾಲದ ಚಕ್ರ. ಇಲ್ಲಿಯೇ ಹೊಸಬನಿಗೆ ಯಾರೂ ಹೇಳದ ತೊಡಕೊಂದುಂಟು. ಅಮೆರಿಕದ ಬೆಲ್, ರಾಬಿನ್ಸನ್ ಯಂತ್ರಗಳ ಅಲಗುಗಳು ಮೇಲಿನಿಂದ ನೋಡಿದರೆ ಅಪ್ರದಕ್ಷಿಣವಾಗಿ ತಿರುಗುವುವು. ಕಲೆಕ್ಟಿವನ್ನು ಎತ್ತಿದೊಡನೆ ಮೂತಿಯು ಬಲಕ್ಕೆ ಹೊರಳುವುದು, ಎಡಗಾಲನ್ನು ಒತ್ತಬೇಕು. ಫ್ರೆಂಚರ ಕಾಬ್ರಿ, ನಮ್ಮ ಚೇತಕ್ ಇವುಗಳಲ್ಲಿ ಅಲಗುಗಳದು ಪ್ರದಕ್ಷಿಣ, ಅಲ್ಲಿ ಬಲಗಾಲು. ಈ ದಿನ ಒಂದು, ನಾಳೆ ಇನ್ನೊಂದು ಎಂದು ಯಂತ್ರವನ್ನು ಬದಲಾಯಿಸುತ್ತಿದ್ದರೆ ಕಾಲಿಗೆ ಯಾವ ಅಭ್ಯಾಸವೂ ಬರಲಾರದು. ಒಂದೇ ಸಣ್ಣ ಯಂತ್ರವನ್ನು ಹಿಡಿದು ಒಂದು ತಿಂಗಳಾದರೂ ಅದರಲ್ಲಿಯೇ ಇರತಕ್ಕದ್ದು.

ಎಲ್ಲರೂ ಮಾಡುವುದೇನೆಂದರೆ, ನೆಲದ ಮೇಲೆ ನಿಂತ ಯಂತ್ರವನ್ನು ಎತ್ತಿ ನಿಂತಲ್ಲಿಯೇ ನಿಲ್ಲಿಸಲು ಮೊದಲ ಗಳಿಗೆಯಲ್ಲಿಯೇ ಹವಣಿಸುವುದು. ಇದು ಅಕ್ಷರಾಭ್ಯಾಸಕ್ಕೆ ಮುಂಚೆ ಅಷ್ಟಾಧ್ಯಾಯಿಯನ್ನು ಬಿಚ್ಚಿದಂತೆ. ಗಾಳಿಯಿಲ್ಲದ ಹಗಲನ್ನು ಆರಿಸಿಕೊಂಡು, 1000 ಅಡಿ ಎತ್ತರದಲ್ಲಿ, 60 ನಾಟ್ ವೇಗದಲ್ಲಿ ಸಾಗುತ್ತಿರುವ ಸ್ಥಿತಿಯಿಂದ ಆರಂಭಿಸಲಿ. ತಂತ್ರಾಂಶದಲ್ಲಿ ಇದಕ್ಕೆ ಅನುಕೂಲವುಂಟು. ಆ ವೇಗದಲ್ಲಿ ಯಂತ್ರವು ಹೆಚ್ಚು ಕಡಿಮೆ ವಿಮಾನದಂತೆಯೇ ನಡೆಯುವುದು. ನೇರವಾಗಿ ಹೋಗುವುದು, ಎತ್ತರ ಕೆಡದಂತೆ ತಿರುಗುವುದು, ಏರುವುದು, ಇಳಿಯುವುದು ಇವು ಕೈಗೆ ಹತ್ತಿದ ಮೇಲೆ ವೇಗವನ್ನು ಮೆಲ್ಲನೆ ತಗ್ಗಿಸುತ್ತ ಬರಬೇಕು.

ಹಾಗೆ ತಗ್ಗಿಸುವಾಗ ಒಂದು ಚಮತ್ಕಾರವು ತೋರುವುದು. ಮುಂದಕ್ಕೆ ಸಾಗುವ ಚಕ್ರಕ್ಕೆ ಹೊಸ ಗಾಳಿಯು ದೊರಕುತ್ತಿರುತ್ತದೆ. ನಿಂತ ಚಕ್ರವು ತಾನೇ ಕೆಳಕ್ಕೆ ತಳ್ಳಿದ ಗಾಳಿಯಲ್ಲಿ ಒದ್ದಾಡಬೇಕು. ಸುಮಾರು 16ರಿಂದ 24 ನಾಟ್, ಎಂದರೆ ಗಂಟೆಗೆ 30ರಿಂದ 45 ಕಿಲೋಮೀಟರ್ ವೇಗದ ನಡುವೆ ಈ ವ್ಯತ್ಯಾಸವಾಗುವುದು. ವೇಗವು ಅದಕ್ಕಿಂತ ಇಳಿದೊಡನೆ ಯಂತ್ರವು ಕಾಲಕೆಳಗಿನ ಮಣೆಯನ್ನು ಎಳೆದಂತೆ ಕುಸಿಯುತ್ತದೆ. ಕಲೆಕ್ಟಿವನ್ನು ಮುಂಚಿತವಾಗಿಯೇ ಎತ್ತುತ್ತ ಬಂದವನು ನಿಲ್ಲುವನು. ಕುಸಿದ ಮೇಲೆ ಎತ್ತಿದವನು ಬೀಳುವನು. ಇನ್ನು ಮುಂದಿನ ವೇಗವಿಲ್ಲದೆ ಕಡಿದಾಗಿ ಬೇಗ ಇಳಿದರೆ, ತನ್ನ ಗಾಳಿಯ ಸುಳಿಯಲ್ಲಿ ತಾನೇ ಸಿಕ್ಕಿಬೀಳುವುದೂ ಉಂಟು. ಆಗ ಕಲೆಕ್ಟಿವನ್ನು ಎತ್ತಿದಷ್ಟೂ ಕೆಸರಿನಲ್ಲಿ ಸಿಕ್ಕಿದವನು ಕಾಲು ಬಡಿದಂತೆ ಇನ್ನೂ ಹೂತುಹೋಗುವುದು. ಅದನ್ನು ತಗ್ಗಿಸಿ, ಸೈಕ್ಲಿಕನ್ನು ಮುಂದೊತ್ತಿ ಸುಳಿಯಿಂದಾಚೆಗೆ ಓಡಬೇಕು. ಇದನ್ನು ಎತ್ತರದಲ್ಲಿಯೇ ಅಭ್ಯಾಸ ಮಾಡುವುದು ಯುಕ್ತ.

ನಿಂತಲ್ಲಿ ನಿಲ್ಲುವುದು ಅಂಗೈಯ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸುವುದಕ್ಕೆ ಸಮ. ಸೈಕ್ಲಿಕನ್ನು ಒತ್ತಿದ ಮೇಲೆ ಯಂತ್ರವು ಸರಿಯಲು ಒಂದು ಕ್ಷಣ ಹಿಡಿಯುತ್ತದೆ. ಏನೂ ಆಗಲಿಲ್ಲವೆಂದು ಹೊಸಬನು ಇನ್ನಷ್ಟು ಒತ್ತುವನು, ಅಷ್ಟರಲ್ಲಿ ಎರಡು ಪಾಲು ಸರಿಯುವುದು, ಗಾಬರಿಯಿಂದ ಹಿಂದಕ್ಕೆಳೆಯುವನು, ತೊಟ್ಟಿಲು ತೂಗಿದಂತೆ ಓಲಾಟ ಬೆಳೆದು ಕೊನೆಗೆ ಅಲಗು ನೆಲಕ್ಕೆ ತಗಲುವುದು. ಒತ್ತಡವು ಕೂದಲೆಳೆಯಷ್ಟಿರಲಿ, ಒತ್ತಿದೊಡನೆ ಹಿಂದೆಗೆದುಕೊಳ್ಳಲಿ. ದೃಷ್ಟಿಯು ಪಾದದ ಬಳಿಯ ಹುಲ್ಲಿನ ಮೇಲಲ್ಲ, ದೂರದ ಮರದ ಮೇಲೆ. ಕೈ ಬೆವೆತು ಬೆರಳು ಬಿಗಿದಿದ್ದರೆ ಅಂದಿಗೆ ಸಾಕೆಂದು ಎದ್ದುಬಿಡಬೇಕು. ದಿನಕ್ಕೆ ಅರ್ಧ ಗಂಟೆಯ ಅಭ್ಯಾಸವು ಭಾನುವಾರದ ಐದು ಗಂಟೆಗಿಂತ ಮೇಲು. ಇದು ಶಬ್ದರೂಪಗಳನ್ನು ಕಂಠಪಾಠ ಮಾಡಿಸಿದ ಕಾಲದಿಂದ ನಾನು ಕಂಡುಕೊಂಡದ್ದು.

ಮನೆಯ ಯಂತ್ರವು ಕಲಿಸಲಾರದ್ದೂ ಉಂಟು. ನಿಜವಾದ ಚಾಲಕನು ಯಂತ್ರದ ವಾಲಾಟವನ್ನು ಕಣ್ಣಿಗಿಂತ ಮುಂಚೆ ಬೆನ್ನಿನಿಂದಲೂ ಕಿವಿಯೊಳಗಿನ ಸಮತೋಲದ ಅಂಗದಿಂದಲೂ ಅರಿಯುವನು. ಮೇಜಿನ ಮುಂದಿನ ಕುರ್ಚಿಯು ಅಲುಗುವುದಿಲ್ಲ. ಆದುದರಿಂದ ಇಲ್ಲಿ ನಿಲ್ಲಿಸಲು ಬಾರದವನು ಅಲ್ಲಿ ನಿಲ್ಲಿಸಲಾರನೆಂದೇನೂ ಇಲ್ಲ. ಇಲ್ಲಿ ಬಂದವನಿಗೆ ಅಲ್ಲಿ ಬಂದೇ ಬರುವುದೆಂದೂ ಇಲ್ಲ. ತಂದೆಯವರು ಇದನ್ನು ಮಗನಿಗೆ ನಿಧಾನವಾಗಿ ಹೇಳಲಿ.

ಅಂತರ್ಜಾಲದಲ್ಲಿ ಅನೇಕರು ಒಂದೇ ಕಲ್ಪಿತ ಆಕಾಶದಲ್ಲಿ ಕೂಡಿ ಹಾರುವ ಏರ್ಪಾಡುಗಳುಂಟು. ಫ್ಲೈಟ್‌ಗಿಯರಿನಲ್ಲಿಯೇ ಅದು ಸಾಧ್ಯ. ವ್ಯಾಟ್ಸಿಮ್ ಎಂಬ ಜಾಲದಲ್ಲಿ ಸ್ವಯಂಸೇವಕರು ವಿಮಾನನಿಲ್ದಾಣದ ನಿಯಂತ್ರಕರಂತೆ ಧ್ವನಿಯಿಂದ ಅಪ್ಪಣೆ ಕೊಡುವರು, ಶುಲ್ಕವಿಲ್ಲ. ಅಲ್ಲಿ ನಿಜವಾದ ಚಾಲಕರ ಪರಿಭಾಷೆಯೇ ನಡೆಯತಕ್ಕದ್ದು. ನಿಲ್ಲಲು ಬಾರದವನು ಅಲ್ಲಿಗೆ ಹೋದರೆ ಇತರರಿಗೆ ಕೀಟಲೆ. ಚಿಕ್ಕ ಮಕ್ಕಳಾದರೆ ಅಪರಿಚಿತರ ಧ್ವನಿಯು ಮನೆಯೊಳಗೆ ಬರುವುದರಿಂದ, ಯಂತ್ರವು ನಡುಮನೆಯಲ್ಲಿಯೇ ಇರಲೆಂದು ತಾಯಂದಿರಿಗೆ ಸೂಚಿಸುತ್ತೇನೆ.

ಹುಡುಗನಿಗೆ ಒಂದು ಪಾಠವನ್ನು ಕೊಡುತ್ತೇನೆ. ನಿಲ್ಲುವುದು ಕೈಗೂಡಿದ ಮೇಲೆ ಮಾಡಲಿ. 2023ರಲ್ಲಿ ತೆರೆದ ಶಿವಮೊಗ್ಗದ ಸೋಗಾನೆ ವಿಮಾನನಿಲ್ದಾಣದಿಂದ ಏಳಲಿ. ಉತ್ತರಕ್ಕೆ ಸಾಗಿದರೆ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರುವುದು ಕಾಣುತ್ತದೆ. ಸಂಗಮವನ್ನು ಗುರುತಿಸಿ ಈಶಾನ್ಯಕ್ಕೆ ತಿರುಗಲಿ. 80 ನಾಟ್ ವೇಗದಲ್ಲಿ ಒಟ್ಟು 20 ನಿಮಿಷಗಳೊಳಗಾಗಿ ಗುಡ್ಡಗಳ ನಡುವೆ ಸೂಳೆಕೆರೆಯ ನೀರು ಹೊಳೆಯಬೇಕು. ಹೊಳೆಯದಿದ್ದರೆ ದಿಕ್ಸೂಚಿಯನ್ನು ಓದುವುದರಲ್ಲಿ ತಪ್ಪಿದನೆಂದು ತಿಳಿಯತಕ್ಕದ್ದು. ಕಂಡರೆ ಏರಿಯ ಬಳಿಯ ಬಯಲಿನಲ್ಲಿ ಇಳಿದು, ದಕ್ಷಿಣಕ್ಕೆ ಹೊರಳಿ ಚನ್ನಗಿರಿಯ ಕೋಟೆಯ ಗುಡ್ಡವನ್ನು ಬಳಸಿ ಬರಲಿ. ಎಷ್ಟು ಸಲ ಬಿದ್ದನೆಂಬುದನ್ನು ಮರೆಯದೆ ಒಂದು ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ತಿಂಗಳು ತಂದು ತೋರಿಸಲಿ.