ಹನ್ನೊಂದನೇ ವಯಸ್ಸಿಗೇ ಹಣೆಬರಹ ಬರೆಯುವುದು ಬೇಡ



ಐದನೇ ತರಗತಿ ಮುಗಿಸಿ ಬಂದ ಮಕ್ಕಳಿಗೆ ಒಂದು ಪರೀಕ್ಷೆ ಇಟ್ಟು, ಹೆಚ್ಚು ಅಂಕ ಬಂದವರನ್ನು 'ಎ' ಸೆಕ್ಷನ್‌ಗೂ ಉಳಿದವರನ್ನು 'ಬಿ' ಸೆಕ್ಷನ್‌ಗೂ ಹಾಕಬೇಕೆಂಬ ಮಾತು ಸರ್ಕಾರಿ ಶಾಲೆಗಳಲ್ಲಿ ಆಗಾಗ ಏಳುತ್ತದೆ. ಜಾಣರು ಮುಂದೆ ಓಡಲಿ, ಉಳಿದವರು ನಿಧಾನವಾಗಿ ಕಲಿಯಲಿ ಎನ್ನುತ್ತಾರೆ. "ಕೈಯ ಐದು ಬೆರಳು ಸಮವೇ?" ಎಂದು ಗಾದೆಯನ್ನೂ ಸೇರಿಸುತ್ತಾರೆ. ನಮ್ಮ ಮಗು 'ಎ'ಗೇ ಬರುತ್ತದೆ ಎಂಬ ಆಸೆಯಿಂದ ತಾವೂ ತಲೆಯಾಡಿಸಬಹುದು. ಅದಕ್ಕೆ ಮೊದಲು ಈ ನಾಲ್ಕು ಮಾತು ಓದಿ.

ಆ ಪರೀಕ್ಷೆ ಅಳೆಯುವುದಾದರೂ ಏನನ್ನು? ಕಲ್ಯಾಣದುರ್ಗ, ರಾಯದುರ್ಗ, ಮಡಕಶಿರಾ, ಹಿಂದೂಪುರದ ಕಡೆ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಮೂರು ಚೀಲ ಕಡಲೆಕಾಯಿಯ ಬೆಲೆ ಹೇಳಿ ಏಳು ಚೀಲದ ಬೆಲೆ ಕೇಳಿದರೆ ಬಾಯಿಲೆಕ್ಕದಲ್ಲೇ ಉತ್ತರ ಕೊಡುವ ಹುಡುಗಿ, ಅದೇ ಲೆಕ್ಕ ಬೇರೆ ಭಾಷೆಯಲ್ಲಿ ಅಚ್ಚಾಗಿ ಬಂದರೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತಾಳೆ. ಅವಳಿಗೆ ಲೆಕ್ಕ ಬರುವುದಿಲ್ಲವೆಂದು ನಾವು ಬರೆದುಕೊಳ್ಳುತ್ತೇವೆ. ಪ್ರಶ್ನೆ ಕನ್ನಡದಲ್ಲೇ ಇದ್ದರೂ, ತಂದೆತಾಯಿ ಬೆಂಗಳೂರಿಗೆ ಗುಳೆ ಹೋಗಿ ಅಜ್ಜಿಯ ಬಳಿ ಉಳಿದ ಮಗುವಿಗೂ, ಸಂಜೆ ಟ್ಯೂಷನ್‌ಗೆ ಹೋಗುವ ಮಗುವಿಗೂ ಒಂದೇ ಅಳತೆಗೋಲು ನ್ಯಾಯವೇ?

'ಬಿ'ಗೆ ಹೋದ ಮೇಲೆ ಏನಾಗುತ್ತದೆ? ಹತ್ತನೇ ತರಗತಿಯ ಫಲಿತಾಂಶದ ಮೇಲೆ ಕಣ್ಣಿಟ್ಟು ಒಳ್ಳೆಯ ಗಣಿತ ಶಿಕ್ಷಕರನ್ನು 'ಎ'ಗೆ ಕೊಡುತ್ತಾರೆ. 'ಬಿ'ಗೆ ಅಂದು ಯಾರು ಖಾಲಿ ಇದ್ದಾರೋ ಅವರು. "ಇವರಿಗೆ ಇಷ್ಟು ಸಾಕು" ಎಂದು ಮೇಷ್ಟ್ರು ಅಂದುಕೊಳ್ಳುತ್ತಾರೆ, "ನಾವು ಇಷ್ಟೇ" ಎಂದು ಮಕ್ಕಳೂ ನಂಬುತ್ತಾರೆ. ನನ್ನ ಇಪ್ಪತ್ತು ವರ್ಷದ ಸೇವೆಯಲ್ಲಿ 'ಬಿ'ಯಿಂದ 'ಎ'ಗೆ ಏರಿದವರನ್ನು ಬೆರಳಲ್ಲಿ ಎಣಿಸಬಹುದು.

ಕನ್ನಡ ಮಾಧ್ಯಮಕ್ಕೆ ಇದರಲ್ಲಿ ಇನ್ನೊಂದು ಅಪಾಯವಿದೆ. 2008-09ರಲ್ಲಿ 'ಸಕ್ಸೆಸ್' ಯೋಜನೆಯಡಿ ಪ್ರೌಢಶಾಲೆಗಳಲ್ಲಿ ಆರನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. 2019ರಲ್ಲಿ, ಒಂದರಿಂದ ಆರನೇ ತರಗತಿಗೆ ಇಂಗ್ಲಿಷ್ ಮಾಧ್ಯಮವೇ ಎಂಬ ಆದೇಶ ಬಂತು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆದರೆ ಇಂಗ್ಲಿಷ್ ವಿಭಾಗವೇ ಜಾಣರ ವಿಭಾಗ ಎಂಬ ಭಾವನೆ ಮಾತ್ರ ರದ್ದಾಗಲಿಲ್ಲ! ಅಂಕ ಬಂದವರನ್ನೆಲ್ಲ ಅತ್ತ ಕಳಿಸಿದರೆ ಕನ್ನಡದಲ್ಲಿ ಉಳಿಯುವವರು ಕೆಲವರೇ. ಆಮೇಲೆ ಸಂಖ್ಯೆ ಸಾಲದೆಂದು ಕನ್ನಡ ಶಿಕ್ಷಕರ ಹುದ್ದೆಗೇ ಕುತ್ತು. ಇಂದು 'ಬಿ' ಎಂದು ಬೇರೆ ಮಾಡಿದ್ದನ್ನು ನಾಳೆ ಬೇಡವೆಂದು ಮುಚ್ಚುವುದು ಕಷ್ಟವೇನಲ್ಲ.

ವಿಂಗಡಣೆಯಿಂದ ಎಲ್ಲರಿಗೂ ಲಾಭವೆಂದು ಕೀನ್ಯಾದ ಅಧ್ಯಯನವೊಂದನ್ನು ಕೆಲವರು ತೋರಿಸುತ್ತಾರೆ. 2011ರಲ್ಲಿ ಪ್ರಕಟವಾದ ಆ ಅಧ್ಯಯನ ಸುಳ್ಳಲ್ಲ. ಆದರೆ ಅಲ್ಲಿ ಪಾಠ ಕೇಳಿದವರು ಒಂದನೇ ತರಗತಿಯ ಎಳೆಯರು. ಹೆಚ್ಚುವರಿ ಶಿಕ್ಷಕರನ್ನು ನೇಮಿಸಿ ತರಗತಿಯನ್ನು ಎರಡು ಮಾಡಿದ್ದರು. ನಮ್ಮಲ್ಲಿ ಆ ಇನ್ನೊಬ್ಬ ಶಿಕ್ಷಕರು ಎಲ್ಲಿದ್ದಾರೆ? ಮಕ್ಕಳನ್ನು ಬೇಗ ಬೇರ್ಪಡಿಸುತ್ತಿದ್ದ ಫಿನ್‌ಲೆಂಡ್ ದೇಶ 1970ರ ದಶಕದಲ್ಲಿ ಎಲ್ಲರಿಗೂ ಒಂದೇ ಶಾಲೆ ಮಾಡಿತು. 1980ರ ದಶಕದಲ್ಲಿ ಆ ಶಾಲೆಯೊಳಗಿನ ಮಟ್ಟವಾರು ಗುಂಪುಗಳನ್ನೂ ತೆಗೆಯಿತು. 2000ದಲ್ಲಿ ನಡೆದ ಪೀಸಾ ಪರೀಕ್ಷೆಯ ಓದಿನಲ್ಲಿ ಅದೇ ದೇಶ ಮೊದಲ ಸ್ಥಾನಕ್ಕೆ ಬಂತು.

ಕಾನೂನು ಏನನ್ನುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು ಮಕ್ಕಳನ್ನು ಸೋಸಿ ಸೇರಿಸಿಕೊಳ್ಳುವುದನ್ನು ನಿಷೇಧಿಸುತ್ತದೆ. ಪ್ರತಿ ಮಗುವಿನ ಕಲಿಕೆಯನ್ನು ಅರಿತು, ಬೇಕಾದರೆ ಹೆಚ್ಚಿನ ಪಾಠ ಹೇಳುವುದು ಶಿಕ್ಷಕರ ಕರ್ತವ್ಯವೆಂದು 24ನೇ ಕಲಮು ಹೇಳುತ್ತದೆ. ಸಾಧ್ಯವಾದಷ್ಟು ಮಾತೃಭಾಷೆಯಲ್ಲೇ ಬೋಧನೆಯಾಗಲಿ ಎನ್ನುತ್ತದೆ 29ನೇ ಕಲಮು. ಹಿಂದುಳಿದ ಮಗುವಿಗೆ ಕಾಯ್ದೆ ಹೇಳುವ ಮದ್ದು ಹೆಚ್ಚಿನ ಪಾಠ, ಬೇರೆ ಕೋಣೆಯ ಮಾತು ಅಲ್ಲಿಲ್ಲ.

ಆದ್ದರಿಂದ ಶಾಲಾ ಸಮಿತಿಯ ಸಭೆಗೆ ಹೋಗಿ. ಕಾಯ್ದೆಯ ಪ್ರಕಾರ ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು. ಮೂರು ಬೇಡಿಕೆ ಇಡಿ. ಒಂದು, ಎಲ್ಲ ಸೆಕ್ಷನ್‌ಗಳಲ್ಲೂ ಎಲ್ಲ ಮಟ್ಟದ ಮಕ್ಕಳು ಬೆರೆತಿರಲಿ. ಎರಡು, ಹಿಂದುಳಿದವರಿಗೆ ದಿನವೂ ಒಂದು ಗಂಟೆ, ಅವರ ಭಾಷೆಯಲ್ಲೇ, ಆ ವಿಷಯಕ್ಕೆ ಮಾತ್ರ ಹೆಚ್ಚಿನ ಪಾಠವಿರಲಿ. ಕಲಿತ ಕೂಡಲೇ ಅದು ಮುಗಿಯಲಿ. ಮೂರು, ಮಕ್ಕಳ ಮಟ್ಟ ತಿಳಿಯಲು ಇಡುವ ಯಾವ ಪರೀಕ್ಷೆಯೇ ಆಗಲಿ, ಪ್ರಶ್ನೆಪತ್ರಿಕೆ ಕನ್ನಡದಲ್ಲಿರಲಿ.

ತಮ್ಮ ಮಗು 'ಎ'ಗೆ ಬಂದರೂ ಈ ಮಾತು ಆಡಿ. ಪಕ್ಕದ ಮನೆಯ ಮಗುವನ್ನು ಬಿಟ್ಟುಕೊಟ್ಟರೆ ನಾಳೆ ಕನ್ನಡ ತರಗತಿಯೇ ಇರುವುದಿಲ್ಲ. ಐದು ಬೆರಳು ಸಮವಿಲ್ಲ, ನಿಜ. ಐದೂ ಕೂಡಿದರೆ ತಾನೇ ತುತ್ತು ಬಾಯಿಗೆ ಬರುವುದು?