ಕೊಳ್ಳುವ ಪ್ರಾಜೆಕ್ಟ್, ಕಟ್ಟುವ ಕಲಿಕೆ

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದ ಪ್ರಾಜೆಕ್ಟ್ ಎಂಬುದು ಹಲವೆಡೆ ಹಣ ತೆತ್ತು ಕೊಳ್ಳುವ ಸರಕಾಗಿದೆ. ಸಿದ್ಧ ಸಾಧನ, ಸಿದ್ಧ ವರದಿ, ಕೊನೆಗೆ ಅಂಕ. ಈ ರೋಗ ಸುತ್ತೋಲೆಗಳಿಂದ ವಾಸಿಯಾಗದು. ವಿದ್ಯಾರ್ಥಿ ತಾನೇ ಕಟ್ಟಿ, ತನ್ನ ಮೈಮೇಲೆಯೇ ಪರೀಕ್ಷಿಸಬಹುದಾದ ಕೆಲಸಗಳು ಬೇಕು ಎಂಬುದು ನನ್ನ ನಿಲುವು. ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಸರಳ ಉಪಕರಣದ ತಯಾರಿಕೆ ಅಂಥದ್ದೊಂದು ಕೆಲಸ.

ಮುಷ್ಟಿ ಬಿಗಿದಾಗ ಮುಂಗೈ ಸ್ನಾಯುಗಳಲ್ಲಿ ವಿದ್ಯುತ್ ಸ್ಪಂದನಗಳು ಹರಿಯುತ್ತವೆ. ಚರ್ಮದ ಮೇಲೆ ಅವುಗಳ ಪ್ರಮಾಣ ಹೆಚ್ಚೆಂದರೆ ಕೆಲವು ಮಿಲಿವೋಲ್ಟ್. ಸುಮಾರು ಸಾವಿರ ಪಟ್ಟು ಹಿಗ್ಗಿಸಿದರೆ ಧ್ವನಿವರ್ಧಕದಲ್ಲಿ ಕೇಳಿಸುವಂತಾಗುತ್ತವೆ. ಆದರೆ ಗೋಡೆಯೊಳಗಿನ ತಂತಿಗಳ 50 ಹರ್ಟ್ಸ್ ಗದ್ದಲವನ್ನೂ ದೇಹ ಹಿಡಿದುಕೊಳ್ಳುತ್ತದೆ. ಆದ್ದರಿಂದ ಸ್ನಾಯುವಿನ ಮೇಲೆ ಎರಡು, ಮೊಣಕೈ ಮೂಳೆಯ ಮೇಲೆ ಒಂದು ಎಲೆಕ್ಟ್ರೋಡ್ ಅಂಟಿಸಿ, ಮೊದಲೆರಡರಲ್ಲಿ ಸಮಾನವಾಗಿರುವುದನ್ನು ಕಳೆದು ವ್ಯತ್ಯಾಸವನ್ನಷ್ಟೇ ಹಿಗ್ಗಿಸುವ ಆಂಪ್ಲಿಫೈಯರ್ ಜೋಡಿಸಬೇಕಾಗುತ್ತದೆ. ಎಲೆಕ್ಟ್ರೋಡ್ ಸಡಿಲವಾದರೆ ಗದ್ದಲವೇ ತಪ್ಪನ್ನು ಸಾರುತ್ತದೆ. ಬಾಯಿಪಾಠ ಮಾಡಿದ ಸೂತ್ರ ಅನುಭವಕ್ಕೆ ಬರುವುದು ಆಗಲೇ.

ಇದು ಹಗಲುಗನಸಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಗಳಾಗಿದ್ದ ಗ್ರೆಗ್ ಗೇಜ್ ಮತ್ತು ಟಿಮ್ ಮಾರ್ಜುಲೊ 2009ರಲ್ಲಿ ‘ಬ್ಯಾಕ್‌ಯಾರ್ಡ್ ಬ್ರೇನ್ಸ್’ ಆರಂಭಿಸಿ, ಪ್ರಯೋಗಾಲಯಗಳಿಗೆ ಸೀಮಿತವಾಗಿದ್ದ ಇಂಥ ಪ್ರಯೋಗಗಳನ್ನು ಶಾಲಾ ಮಕ್ಕಳ ಕೈಗೆಟುಕುವಂತೆ ಮಾಡಿದರು. ನಮ್ಮ ಜಗದೀಶಚಂದ್ರ ಬೋಸರು ಸಹ ಕೋಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸ್ಥಳೀಯ ತಗಡು ಕೆಲಸಗಾರನ ನೆರವಿನಿಂದಲೇ ಉಪಕರಣಗಳನ್ನು ರೂಪಿಸಿದವರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳಿಗೆ ಬರವಿಲ್ಲ. ತಪ್ಪು ಮಾಡಿ ತಿದ್ದಿಕೊಳ್ಳಲು ಬೇಕಾದ ಸಮಯವನ್ನು ನಮ್ಮ ವೇಳಾಪಟ್ಟಿಗಳು ಕೊಡುತ್ತಿಲ್ಲ, ಅಷ್ಟೆ.

ಆಸ್ಪತ್ರೆಗಳಲ್ಲಿ ನಿಖರ ಯಂತ್ರಗಳಿರುವಾಗ ಇದೇಕೆ ಎಂದು ಕೆಲವರು ಕೇಳಬಹುದು. ನಿಜ, ವಿದ್ಯಾರ್ಥಿಗಳ ಉಪಕರಣ ರೋಗನಿರ್ಣಯಕ್ಕಲ್ಲ. ಮೈಗೆ ತಂತಿ ತಗುಲಿಸುವ ಕೆಲಸವಾದ್ದರಿಂದ ಬ್ಯಾಟರಿಯಲ್ಲೇ ನಡೆಯಬೇಕು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಲ್ಯಾಪ್‌ಟಾಪಿಗೂ ಜೋಡಿಸಬಾರದು. ಆದರೆ ಕೈ ಕಳೆದುಕೊಂಡವರ ವಿದ್ಯುತ್‌ಚಾಲಿತ ಕೃತಕ ಕೈಯನ್ನು ನಡೆಸುವುದೂ ಉಳಿದ ಸ್ನಾಯುವಿನ ಇದೇ ಸಂಕೇತ. ಅಂಥ ಕೈಯ ಬೆಲೆ ಬಡ ಕುಟುಂಬಗಳಿಗೆ ಎಟುಕುವಂಥದ್ದಲ್ಲ. ಅದನ್ನು ಅಗ್ಗವಾಗಿಸಬೇಕಾದವರು ಇಂದು ತರಗತಿಗಳಲ್ಲಿ ಕುಳಿತಿದ್ದಾರೆ.

ವಿಶ್ವವಿದ್ಯಾಲಯಗಳು ದಪ್ಪ ರಟ್ಟಿನ ವರದಿಗೆ ನೀಡುವ ಅಂಕಗಳಲ್ಲಿ ಅರ್ಧವನ್ನಾದರೂ, ಪರೀಕ್ಷಕರ ಎದುರೇ ಉಪಕರಣ ಬಿಚ್ಚಿ, ಜೋಡಿಸಿ, ಕೆಟ್ಟಿದ್ದನ್ನು ಸರಿಪಡಿಸುವ ಕೌಶಲಕ್ಕೆ ಮೀಸಲಿಡಲಿ. ಸಿದ್ಧ ಪ್ರಾಜೆಕ್ಟ್ ಮಾರುವವರ ಅಂಗಡಿಗಳು ಆಗ ತಾವಾಗಿಯೇ ಮುಚ್ಚುತ್ತವೆ.